ಓಣಿಗೊಂದು ಹೆಸರು, ಮನೆಗೊಂದು ನಂಬರು



ಇಂದು ನಿಮ್ಮ ಮುಂದೆ ಇಡಬೇಕೆಂದಿರುವ ವಿಷಯ ನೋಡಲು ಬಹಳ ಸಣ್ಣದು. ಮನೆಯ ವಿಳಾಸ. ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಮಾತಿನಲ್ಲಿ ಹೇಳುವುದಾದರೆ ಪತ್ತಾ. ನಿಮ್ಮ ಮನೆ ಎಲ್ಲಿದೆ ಎಂಬುದು ನಿಮಗೆ ಗೊತ್ತು, ನಿಮ್ಮ ನೆಂಟರಿಗೆ ಗೊತ್ತು, ಊರಿನ ನಾಯಿಗೂ ಗೊತ್ತು. ಹಾಗಾದರೆ ವಿಳಾಸ ಬೇಕಾಗುವುದು ಯಾರಿಗೆ? ನಿಮ್ಮನ್ನು ಎಂದೂ ಕಾಣದವನಿಗೆ, ನಿಮ್ಮ ಊರಿಗೆ ಎಂದೂ ಕಾಲಿಡದವನಿಗೆ, ಬಹುಶಃ ನಿಮ್ಮ ಭಾಷೆಯೂ ಬಾರದವನಿಗೆ. ಅಂಥವನು ಯಾರನ್ನೂ ಕೇಳದೆ ನೇರವಾಗಿ ನಿಮ್ಮ ಹೊಸ್ತಿಲಿಗೆ ಬಂದು ನಿಂತರೆ ಅದು ಒಳ್ಳೆಯ ವಿಳಾಸ. ಇಲ್ಲವಾದರೆ ಅದು ಬರೀ ಬರವಣಿಗೆ.

ಬ್ಯಾಂಕಿನ ಕಾರಕೂನನಾಗಿ ನಾನು ಅನೇಕ ವರ್ಷ ಜನರ ವಿಳಾಸಗಳನ್ನು ಲೆಡ್ಜರಿನಲ್ಲಿ ಬರೆದವನು. ಹಳ್ಳಿಯ ಖಾತೆದಾರರ ವಿಳಾಸವೆಲ್ಲ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತಿತ್ತು. ಮು. ಪೋ. ಎಂದು ಬರೆದು ಊರ ಹೆಸರು, ಆಮೇಲೆ ತಾಲೂಕು, ಆಮೇಲೆ ಜಿಲ್ಲೆ. ಮುಕ್ಕಾಮ್ ಪೋಸ್ಟ್ ಮುಗಿಯಿತು, ವಿಳಾಸವೂ ಮುಗಿಯಿತು. ಆ ಒಂದು ಸಾಲಿನಲ್ಲಿ ಇಡೀ ಊರೇ ಅಡಗಿರುತ್ತಿತ್ತು. ಸಿದ್ದರಾಮಪ್ಪ ಎಂಬ ಹೆಸರಿನವರು ಒಂದೇ ಊರಿನಲ್ಲಿ ನಾಲ್ವರು, ಮನೆತನದ ಹೆಸರೂ ಒಂದೇ. ಸಾಲದ ನೋಟೀಸು ಒಬ್ಬನದು, ಕೈಗೆ ಹೋಗುವುದು ಇನ್ನೊಬ್ಬನಿಗೆ. ಸಾಲವನ್ನೇ ಮಾಡದವನ ಮನೆಯಲ್ಲಿ ನೋಟೀಸು ಬಂದಿತೆಂದು ಅಳು, ಮಾಡಿದವನ ಮನೆಯಲ್ಲಿ ಸುದ್ದಿಯೇ ಇಲ್ಲ. ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದ ಚೆಕ್ ಪುಸ್ತಕ "ವಿಳಾಸ ಅಪೂರ್ಣ" ಎಂಬ ಷರಾ ಹೊತ್ತು ಮರಳಿ ಬರುತ್ತಿತ್ತು.

ಆಗ ನಮ್ಮನ್ನು ಕಾಪಾಡುತ್ತಿದ್ದವನು ಊರ ಟಪಾಲಿನವನು. ಯಾರ ಮಗ ಎಲ್ಲಿ ನೌಕರಿಗಿದ್ದಾನೆ, ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ ಎಲ್ಲವೂ ಅವನಿಗೆ ಬಾಯಿಪಾಠ. ವಿಳಾಸ ಲಕೋಟೆಯ ಮೇಲೆ ಇರುತ್ತಿರಲಿಲ್ಲ, ಅವನ ತಲೆಯಲ್ಲಿ ಇರುತ್ತಿತ್ತು. ಈಗ ಕಾಲ ಬದಲಾಗಿದೆ. ಮನೆ ಬಾಗಿಲಿಗೆ ಬರುವವರಲ್ಲಿ ಅರ್ಧ ಮಂದಿ ಹೊರಗಿನವರು. ಪಾರ್ಸಲ್ ತರುವ ಹುಡುಗ, ಎಟಿಎಂ ಕಾರ್ಡು ತರುವವನು, ವಿಮೆಯವನು, ಎಲ್ಲಕ್ಕಿಂತ ಮುಖ್ಯವಾಗಿ 108ರ ಗಾಡಿ. "ಸೀದಾ ಬರ್ರಿ, ಹಣಮಂದೇವರ ಗುಡಿ ಬರ್ತದ, ಅದರ ಬಾಜೂಕ ಬೇವಿನ ಗಿಡ, ಗಿಡದ ಹಿಂದ ಯಾರನ್ನ ಕೇಳಿದ್ರೂ ಹೇಳ್ತಾರ" ಎಂದು ನಾವು ಫೋನಿನಲ್ಲಿ ಹೇಳುತ್ತೇವೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಇದೆ ನಿಜ. ಆದರೆ ರಾತ್ರಿ ಎರಡು ಗಂಟೆಗೆ, ಕರೆಂಟು ಹೋದ ಓಣಿಯಲ್ಲಿ, ಗಾಡಿಯ ಡ್ರೈವರು ಯಾರನ್ನು ಕೇಳಬೇಕು? ಎದೆನೋವಿನವನಿಗೆ ಹತ್ತು ನಿಮಿಷವೆಂದರೆ ಕಡಿಮೆಯಲ್ಲ.

ಹಾಗೆಂದು ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ಸೊಲ್ಲಾಪುರವನ್ನೇ ನೋಡಿ. ಮಂಗಳವಾರ ಪೇಟ, ಬುಧವಾರ ಪೇಟ, ಶುಕ್ರವಾರ ಪೇಟ ಎಂದು ವಾರದ ಹೆಸರಿನ ಪೇಟೆಗಳಿವೆ. ಸಾಖರ ಪೇಟ, ಭವಾನಿ ಪೇಟ, ಜೋಡಭಾವಿ ಪೇಟ ಇವೆ. ಜೋಡಭಾವಿ ಎಂದ ಕೂಡಲೇ ಜೋಡಿ ಬಾವಿಗಳು ಕಣ್ಣ ಮುಂದೆ ಬರುತ್ತವೆ. ಇನ್ನು ನಾಲ್ವರು ಹುತಾತ್ಮರ ಚೌಕ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು ಬ್ರಿಟಿಷ್ ಸರಕಾರ 1931ರ ಜನವರಿ 12ರಂದು ಗಲ್ಲಿಗೇರಿಸಿತು. ಆ ಚೌಕದಲ್ಲಿ ಇಳಿಯುತ್ತೇನೆಂದು ರಿಕ್ಷಾದವನಿಗೆ ಹೇಳುವ ಪ್ರತಿಯೊಬ್ಬನೂ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಅವರನ್ನು ನೆನೆದಂತಾಗುತ್ತದೆ. ಊರಿನ ಇತಿಹಾಸವನ್ನು ಓದದವನ ಬಾಯಲ್ಲೂ ಬೀದಿಯ ಹೆಸರು ಆ ಇತಿಹಾಸವನ್ನು ಉಳಿಸುತ್ತದೆ.

ಆದರೆ ಹೆಸರು ನೆನಪನ್ನು ಕೊಡುತ್ತದೆಯೇ ಹೊರತು ದಾರಿಯನ್ನು ತೋರಿಸುವುದಿಲ್ಲ. ಪುಣೆಯಲ್ಲೂ ವಾರದ ಹೆಸರಿನ ಪೇಟೆಗಳಿವೆಯಲ್ಲ, ಅಲ್ಲಿ ಬುಧವಾರ ಪೇಟೆಯ ಮಗ್ಗುಲಿಗೆ ಇರುವುದು ರವಿವಾರ ಪೇಟೆ. ಪಂಚಾಂಗ ಹಿಡಿದು ಹೊರಟವನಿಗೆ ಪೇಟೆ ಸಿಗುವುದಿಲ್ಲ. ಹೆಸರನ್ನು ಬಲ್ಲವನಿಗೆ ಮಾತ್ರ ಹೆಸರು ದಾರಿ. ಬಲ್ಲದವನಿಗೆ ಬೇಕಾದದ್ದು ಕ್ರಮ. ಕ್ರಮ ಎಂದರೆ ಅಂಕಿ. ಏಳರ ಮುಂದೆ ಎಂಟು ಬರುತ್ತದೆ ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಈ ಕ್ರಮವನ್ನು ಇಡೀ ಒಂದು ಶಹರಕ್ಕೆ ಹೇಗೆ ತರುವುದು ಎಂಬುದಕ್ಕೆ ಫ್ರಾನ್ಸ್ ದೇಶದ ರಾಜಧಾನಿ ಪ್ಯಾರಿಸ್ ಒಂದು ಒಳ್ಳೆಯ ಉದಾಹರಣೆ. ಅಲ್ಲಿ ಕ್ರಾಂತಿಯ ಕಾಲದಲ್ಲಿ, ಅಂದರೆ 1790ರ ಸುಮಾರಿಗೆ, ತೆರಿಗೆ ವಸೂಲಿಗೆಂದು ವಿಭಾಗವಾರು ಮನೆ ನಂಬರು ಹಾಕಿದ್ದರು. ಒಂದೇ ಉದ್ದನೆಯ ಬೀದಿ ಎರಡು ಮೂರು ವಿಭಾಗಗಳಲ್ಲಿ ಹಾದುಹೋದರೆ ಒಂದೇ ನಂಬರು ಎರಡು ಮೂರು ಮನೆಗಳಿಗೆ ಬರುತ್ತಿತ್ತು. ತೆರಿಗೆಯವನಿಗೆ ಅದು ಸಾಕು, ಹುಡುಕಿಕೊಂಡು ಬಂದವನಿಗೆ ಅದು ಗೊಂದಲ. 1805ರಲ್ಲಿ, ನೆಪೋಲಿಯನ್ನನ ಆಳಿಕೆಯಲ್ಲಿ, ಹೊಸ ನಿಯಮ ಬಂತು. ಊರ ನಡುವೆ ಹರಿಯುವ ಸೇನ್ ನದಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡರು. ನದಿಯ ಜೊತೆಜೊತೆಗೆ ಸಾಗುವ ಬೀದಿಗಳಲ್ಲಿ ನೀರು ಹರಿಯುವ ದಿಕ್ಕಿಗೆ ನಂಬರು ಏರುತ್ತದೆ. ನದಿಯಿಂದ ದೂರ ಹೋಗುವ ಬೀದಿಗಳಲ್ಲಿ ನದಿಯ ಕಡೆಯ ಮನೆಯಿಂದ ನಂಬರು ಶುರು. ಎಡಗಡೆ ಬೆಸ ಸಂಖ್ಯೆ, ಅಂದರೆ 1, 3, 5. ಬಲಗಡೆ ಸಮ ಸಂಖ್ಯೆ, 2, 4, 6. ಎರಡು ಬಗೆಯ ಬೀದಿಗಳ ನಂಬರುಗಳಿಗೆ ಎರಡು ಬಣ್ಣವನ್ನೂ ಗೊತ್ತುಮಾಡಿದ್ದರು.

ಇದರ ಲಾಭ ಏನೆಂದು ಸ್ವಲ್ಪ ವಿಚಾರ ಮಾಡಿ. ಮನೆ ನಂಬರು 46 ಎಂದು ತಿಳಿದರೆ ಸಾಕು, ಅದು ಬಲಗಡೆಯ ಸಾಲಿನಲ್ಲಿದೆ ಎಂದು ಗೊತ್ತಾಯಿತು. ಎದುರಿಗೆ 20 ಕಂಡು, ಆಮೇಲೆ 22 ಕಂಡರೆ ಸರಿಯಾದ ದಿಕ್ಕಿಗೆ ಹೊರಟಿದ್ದೇನೆ ಎಂದು ಗೊತ್ತಾಯಿತು. ನದಿಗೆ ಬೆನ್ನು ಮಾಡಿದ್ದೇನೋ ಮುಖ ಮಾಡಿದ್ದೇನೋ ಎಂಬುದೂ ಗೊತ್ತಾಯಿತು. ಫ್ರೆಂಚ್ ಭಾಷೆಯ ಒಂದು ಅಕ್ಷರ ಬಾರದವನಿಗೂ ಇಷ್ಟು ತಿಳಿಯುತ್ತದೆ. ಈ ಮಾತನ್ನು ನೆನಪಿನಲ್ಲಿಡಿ. ಗಡಿಯಲ್ಲಿ ಕೂತ ನಮಗೆ ಇದು ಮುಖ್ಯ.

ಅಮೆರಿಕದ ನ್ಯೂಯಾರ್ಕಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1811ರಲ್ಲಿ ಅಲ್ಲಿನ ಮ್ಯಾನ್‌ಹಟನ್ ದ್ವೀಪದ ಬಹುಭಾಗ ಹೊಲ, ಗುಡ್ಡ, ಹಳ್ಳವಾಗಿದ್ದಾಗಲೇ ನಕಾಶೆಯ ಮೇಲೆ ಅಡ್ಡ ಬೀದಿಗಳನ್ನು ಗೆರೆ ಎಳೆದು 155ರ ತನಕ ನಂಬರು ಕೊಟ್ಟುಬಿಟ್ಟರು. ಉದ್ದನೆಯ ಅಗಲ ಬೀದಿಗಳಿಗೆ ಬೇರೆ ಸಾಲಿನ ನಂಬರು. ಈಗ 34ನೆಯ ಬೀದಿಯಲ್ಲಿ ನಿಂತವನಿಗೆ 42ನೆಯ ಬೀದಿಗೆ ಹೋಗಬೇಕಾದರೆ ಎಂಟು ಬೀದಿ ದಾಟಬೇಕು ಎಂಬ ಲೆಕ್ಕ ಬೆರಳಿನಲ್ಲೇ ಸಿಗುತ್ತದೆ.

ಅಷ್ಟು ದೂರ ಏಕೆ, ನಮ್ಮ ಮಕ್ಕಳು ನೌಕರಿಗೆಂದು ಹೋಗುವ ಬೆಂಗಳೂರಿಗೇ ಬನ್ನಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಿತ್ತು. ಹಳೆಯ ಪೇಟೆಯ ಇಕ್ಕಟ್ಟು ಓಣಿಗಳಿಂದ ಜನರನ್ನು ಹೊರಗೆ ತರುವುದಕ್ಕೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ನೆರವಾದವು. ಗಾಳಿ ಬೆಳಕು ಬರುವಂತೆ ನೇರ ರಸ್ತೆಗಳು. ಮಲ್ಲೇಶ್ವರದಲ್ಲಿ ಉದ್ದನೆಯ ರಸ್ತೆಗಳಲ್ಲಿ ಎರಡಕ್ಕೆ ಮರಗಳ ಹೆಸರು: ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ. ಮಾರ್ಗೋಸಾ ಎಂದರೆ ನಮ್ಮ ಬೇವು. ಅವನ್ನು ಅಡ್ಡ ಹಾಯುವ ರಸ್ತೆಗಳಿಗೆ ನಂಬರು: ಒಂದನೆಯ ಕ್ರಾಸ್, ಎಂಟನೆಯ ಕ್ರಾಸ್, ಹದಿನೆಂಟನೆಯ ಕ್ರಾಸ್. ಸಂಪಿಗೆ ರಸ್ತೆ, ಎಂಟನೆಯ ಕ್ರಾಸ್ ಎಂದರೆ ನಕಾಶೆಯ ಮೇಲೆ ಬೆರಳಿಟ್ಟ ಹಾಗೆ. ಹೆಸರೂ ಇದೆ, ಅಂಕಿಯೂ ಇದೆ. ಎರಡೂ ಒಂದನ್ನೊಂದು ಹಿಡಿದುಕೊಂಡಿವೆ.

ಆದರೆ ಅದೇ ಬೆಂಗಳೂರು ಮುಂದೆ ಬೆಳೆದಂತೆ ಅಂಕಿಯೇ ತೊಡಕಾದದ್ದನ್ನೂ ಹೇಳಬೇಕು. ಪ್ರತಿ ಹೊಸ ಬಡಾವಣೆಯವರೂ ಮತ್ತೆ ಒಂದರಿಂದಲೇ ಎಣಿಕೆ ಶುರು ಮಾಡಿದರು. ಈಗ ಒಂದನೆಯ ಮೇನ್ ಎಂಬ ರಸ್ತೆ ಆ ಊರಿನಲ್ಲಿ ಎಷ್ಟೋ ಇವೆ. ಅಗಲವನ್ನೇ ಹೆಸರು ಮಾಡಿ ಎಂಬತ್ತು ಅಡಿ ರಸ್ತೆ, ನೂರು ಅಡಿ ರಸ್ತೆ ಎಂದು ಕರೆದರು. ಅವೂ ಹಲವಾರು. ನಡುವೆ ಹೊಸ ಗಲ್ಲಿ ಹುಟ್ಟಿದರೆ ಮೂರನೆಯ ಎ ಕ್ರಾಸ್, ಮೂರನೆಯ ಬಿ ಕ್ರಾಸ್. ಇದರಿಂದ ನಾವು ಕಲಿಯಬೇಕಾದ ಪಾಠ ಇಷ್ಟು: ಬಡಾವಣೆಯ ಹೆಸರಿಲ್ಲದೆ ಬರೀ ಅಂಕಿ ಹೇಳಿದರೆ ಅದು ಅರ್ಧ ವಿಳಾಸ, ಅಂಕಿಯಿಲ್ಲದೆ ಬರೀ ಹೆಸರು ಹೇಳಿದರೆ ಅದೂ ಅರ್ಧ ವಿಳಾಸವೇ.

ಇನ್ನು ಮನಸ್ಸಿಗೆ ನೋವಾಗುವ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ, ಶಹರಗಳ ಹಳೆಯ ಭಾಗಗಳಲ್ಲಿ, ಎಷ್ಟೋ ಓಣಿಗಳ ಹೆಸರು ಜಾತಿಯ ಹೆಸರೇ ಆಗಿತ್ತು. ಖಾತೆ ತೆರೆಯುವ ಫಾರ್ಮು ತುಂಬಿಸುವಾಗ "ಯಾವ ಓಣಿಯಪ್ಪಾ?" ಎಂದು ಕೇಳಿದರೆ ತಲೆ ತಗ್ಗಿಸುತ್ತಿದ್ದ ಹುಡುಗರನ್ನು ನಾನು ಕಂಡಿದ್ದೇನೆ. ನಾಲ್ಕು ಜನ ಸಾಲಿನಲ್ಲಿ ನಿಂತಿರುವಾಗ ಆ ಹುಡುಗ ದನಿ ಇಳಿಸಿ ಹೇಳುತ್ತಿದ್ದ. ಹಣ ಇಡಲು ಬಂದವನು ಜಾತಿ ಹೇಳಿ ಹೋಗಬೇಕಾದಂಥ ವಿಳಾಸ ಎಂಥ ವಿಳಾಸ? 2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರಕಾರ ಜಾತಿಸೂಚಕವಾದ ವಸತಿಗಳ ಹೆಸರುಗಳನ್ನು ತೆಗೆದು ಸಮತಾ ನಗರ, ಭೀಮ ನಗರ, ಜ್ಯೋತಿ ನಗರ, ಶಾಹೂ ನಗರ, ಕ್ರಾಂತಿ ನಗರ ಇಂಥ ಹೆಸರು ಇಡಬೇಕೆಂದು ನಿರ್ಧರಿಸಿತು. ಬಹಳ ಒಳ್ಳೆಯ ಕೆಲಸ. ಆದರೆ ಬೋರ್ಡು ಬದಲಾದಷ್ಟು ಬೇಗ ಜನರ ನಾಲಿಗೆ ಬದಲಾಗುವುದಿಲ್ಲ. ಇಲ್ಲಿ ಅಂಕಿ ದೊಡ್ಡ ಉಪಕಾರ ಮಾಡಬಲ್ಲದು. ಊರ ಅಗಸಿಯಿಂದ ಹೊರಟ ನಂಬರು ಎಲ್ಲ ಓಣಿಗಳಲ್ಲೂ ಒಂದೇ ನಿಯಮದಿಂದ ಸಾಗಿದರೆ 46 ನಂಬರಿನ ಮನೆಗೂ 146 ನಂಬರಿನ ಮನೆಗೂ ಮೇಲುಕೀಳು ಏನೂ ಇರುವುದಿಲ್ಲ. ಅಂಕಿಗೆ ಜಾತಿಯಿಲ್ಲ.

ಅಂಕಿಗೆ ಭಾಷೆಯ ಗಡಿಯೂ ಇಲ್ಲ. ನಮ್ಮಂಥ ಗಡಿಯವರ ಹೆಸರುಗಳಿಗೆ ಆಗುವ ಗತಿ ನಿಮಗೆ ಗೊತ್ತೇ ಇದೆ. ಕನ್ನಡದಲ್ಲಿ ಎ ಬೇರೆ, ಏ ಬೇರೆ, ಒ ಬೇರೆ, ಓ ಬೇರೆ. ಮರಾಠಿ ಬರವಣಿಗೆಯಲ್ಲಿ ಈ ಹ್ರಸ್ವ ದೀರ್ಘಗಳನ್ನು ಬೇರೆ ಬೇರೆಯಾಗಿ ಬರೆಯುವುದಿಲ್ಲ. ಹೊಸ ಓಣಿ ಎಂಬುದು ಬೋರ್ಡಿನ ಮೇಲೆ ಹೋಸ ಓಣಿಯಾಗುತ್ತದೆ. ಮರಾಠಿಯಲ್ಲಿ ಳಕಾರ ಉಳಿಯುತ್ತದೆ, ಆದರೆ ಇಂಗ್ಲಿಷಿಗೆ ಹೋದರೆ ಅದೂ ಲಕಾರದ ಜೊತೆ ಬೆರೆತುಹೋಗುತ್ತದೆ. ಕಂಪ್ಯೂಟರಿನಲ್ಲಿ ಒಬ್ಬ ಒಂದು ತರಹ ಬರೆದರೆ ಇನ್ನೊಬ್ಬ ಇನ್ನೊಂದು ತರಹ. ರೇಶನ್ ಕಾರ್ಡಿನಲ್ಲಿ ಒಂದು ಹೆಸರು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಂದು, ಆಧಾರಿನಲ್ಲಿ ಮಗದೊಂದು. ಹೀಗೆ ಮೂರು ಕಡೆ ಮೂರು ತರಹ ಆದರೆ ಅಲೆದಾಟ ನಮಗೇ. ಆದರೆ 27 ಎಂಬುದು ಮೂರೂ ಕಡೆ 27 ಆಗಿಯೇ ಉಳಿಯುತ್ತದೆ.

ಟಪಾಲು ಖಾತೆಯವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಒಂದೇ ಹೆಸರಿನ ಅನೇಕ ಊರುಗಳು, ಅನೇಕ ಭಾಷೆಯ ಲಿಪಿಗಳು, ಕೆಟ್ಟ ಕೈಬರಹ. ಈ ಗೊಂದಲ ತಪ್ಪಿಸಲೆಂದೇ 1972ರ ಆಗಸ್ಟ್ 15ರಂದು ಆರು ಅಂಕಿಯ ಪಿನ್ ಕೋಡ್ ಜಾರಿಗೆ ಬಂತು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ ಅವರು. ಅವರು ಸಂಸ್ಕೃತ ಪಂಡಿತರೂ ಹೌದು. ಆರು ಅಂಕಿಗಳಲ್ಲಿ ಮೊದಲನೆಯದು ವಲಯ. ಮೊದಲ ಮೂರು ಸೇರಿದರೆ ಟಪಾಲು ವಿಂಗಡಿಸುವ ಜಿಲ್ಲೆ. ಕೊನೆಯ ಮೂರು ಹಂಚುವ ಕಚೇರಿ. ಸೊಲ್ಲಾಪುರ 413001, ವಿಜಯಪುರ 586101, ಕಾಸರಗೋಡು 671121. ನೋಡಿ, ಮಹಾರಾಷ್ಟ್ರ, ಗೋವಾ ಎಂದರೆ 4. ಕರ್ನಾಟಕ, ಆಂಧ್ರ, ತೆಲಂಗಾಣ ಎಂದರೆ 5. ತಮಿಳುನಾಡು, ಕೇರಳ ಎಂದರೆ 6. ಕನ್ನಡ ಮಾತಾಡುವ ನಾವು ಈ ಮೂರೂ ಅಂಕಿಗಳಲ್ಲಿ ಹಂಚಿಹೋಗಿದ್ದೇವೆ. ಆದರೂ ಜತ್ತದ ಅಜ್ಜಿ ಹೊಸೂರಿನ ಮೊಮ್ಮಗನಿಗೆ ಕನ್ನಡದಲ್ಲಿ ವಿಳಾಸ ಬರೆದು ಕೆಳಗೆ ಆರು ಅಂಕಿ ಸರಿಯಾಗಿ ಬರೆದರೆ ಸಾಕು, ಕನ್ನಡ ಓದಲು ಬಾರದವನ ಕೈಯಲ್ಲೂ ಆ ಪತ್ರ ಸರಿಯಾದ ಚೀಲಕ್ಕೆ ಬೀಳುತ್ತದೆ.

ಪಿನ್ ಕೋಡು ಪತ್ರವನ್ನು ಊರಿಗೆ ತರುತ್ತದೆ. ಊರಿನಿಂದ ಹೊಸ್ತಿಲಿಗೆ ತರುವ ಕೆಲಸ ಉಳಿದಿದೆ, ಮತ್ತು ಅದು ನಮ್ಮದು. "ನಮ್ಮ ಮನೆಗೆ ನಂಬರು ಇದೆಯಲ್ಲ, ಘರಪಟ್ಟಿ ಪಾವತಿಯ ಮೇಲೆ ಬರೆದಿದೆಯಲ್ಲ" ಎಂದು ನೀವು ಹೇಳಬಹುದು. ಇದೆ ನಿಜ. ಅದು ಪಂಚಾಯತಿಯ ನಮೂನೆ 8ರ ರಿಜಿಸ್ಟರಿನ ಮಿಳಕತ್ ಕ್ರಮಾಂಕ. ಎಷ್ಟೋ ಊರುಗಳಲ್ಲಿ ಮನೆ ಕಟ್ಟಿದ ಹಾಗೆ, ದಾಖಲಾದ ಹಾಗೆ ಅದು ಬೆಳೆಯುತ್ತ ಬಂದಿದೆ. 112ರ ಪಕ್ಕದ ಖಾಲಿ ಜಾಗದಲ್ಲಿ ಹೊಸ ಮನೆ ಎದ್ದರೆ ಅದಕ್ಕೆ 640. ಮೊದಲು ಹೇಳಿದ ಪ್ಯಾರಿಸ್ಸಿನ ಹಳೆಯ ನಂಬರಿನ ಹಾಗೆ ಅದು ತೆರಿಗೆಯ ನಂಬರು, ದಾರಿಯ ನಂಬರಲ್ಲ. ಯುರೋಪಿನ ಪ್ರಾಗ್ ನಗರದಲ್ಲೂ ಇದೇ ತೊಡಕು ಇತ್ತು. ಅವರು ಹಳೆಯದನ್ನು ಕಿತ್ತೆಸೆಯಲಿಲ್ಲ. ಅಲ್ಲಿನ ಮನೆಗಳ ಮೇಲೆ ಇಂದಿಗೂ ಎರಡು ಫಲಕಗಳಿವೆ. ಕೆಂಪು ಫಲಕದಲ್ಲಿ ದಾಖಲೆಯ ಹಳೆಯ ನಂಬರು, ನೀಲಿ ಫಲಕದಲ್ಲಿ ಬೀದಿಯ ಕ್ರಮದ ನಂಬರು. ಉತಾರೆಯ ನಂಬರು ಬದಲಾದರೆ ಆಸ್ತಿಗೆ ತೊಂದರೆಯಾದೀತೆಂದು ಹೆದರುವವರು ಈ ಉಪಾಯವನ್ನು ವಿಚಾರ ಮಾಡಬಹುದು. ಹಳೆಯದು ದಾಖಲೆಗೆ ಇರಲಿ, ಹೊಸದು ಬಾಗಿಲಿಗೆ ಬರಲಿ.

ಊರ ಹೊರಗಿನ ತೋಟದ ವಸ್ತಿಗಳ ಗತಿ ಇನ್ನೂ ಕಷ್ಟದ್ದು. ಹಾವು ಕಚ್ಚಿದರೂ ಹೆರಿಗೆ ನೋವು ಬಂದರೂ ಗಾಡಿ ಬರುವುದು ಅಲ್ಲಿಗೇ ತಡ. ಆಸ್ಟ್ರೇಲಿಯಾದ ರೈತರಿಗೆ ಇದಕ್ಕೊಂದು ಸರಳ ಪದ್ಧತಿ ಇದೆ. ರಸ್ತೆ ಶುರುವಾಗುವಲ್ಲಿಂದ ಹೊಲದ ಮನೆಯ ದಾರಿಯ ತನಕ ಎಷ್ಟು ಮೀಟರು ಎಂದು ಅಳೆದು ಅದನ್ನು ಹತ್ತರಿಂದ ಭಾಗಿಸುತ್ತಾರೆ. ಅದೇ ಮನೆಯ ನಂಬರು. ಎಡಕ್ಕೆ ಬೆಸ, ಬಲಕ್ಕೆ ಸಮ. ನಂಬರು 140 ಎಂದರೆ 1400 ಮೀಟರು, ಅಂದರೆ ಒಂದೂ ಕಾಲು ದಾಟಿ ಒಂದೂವರೆ ಕಿಲೋಮೀಟರಿನ ಒಳಗೆ, ಬಲಗಡೆ. ಡ್ರೈವರು ತನ್ನ ಗಾಡಿಯ ಮೀಟರು ನೋಡಿಕೊಂಡೇ ಬರಬಹುದು. ನಡುವೆ ಹತ್ತು ಹೊಸ ಮನೆ ಎದ್ದರೂ ಯಾರ ನಂಬರೂ ಬದಲಾಗುವುದಿಲ್ಲ. ಒಂದು ಮೋಟಾರ್ ಸೈಕಲ್ಲು, ಒಂದು ಡಬ್ಬಿ ಬಣ್ಣ ಇದ್ದರೆ ನಾವೂ ಇದನ್ನು ಒಂದು ದಿನದಲ್ಲಿ ಮಾಡಬಹುದು.

ಈಗ ಮೊಬೈಲು ಇದೆಯಲ್ಲ, ಇದೆಲ್ಲ ಏಕೆ ಎಂದು ಹುಡುಗರು ಕೇಳುತ್ತಾರೆ. ಟಪಾಲು ಖಾತೆಯವರು 2025ರಲ್ಲಿ ಡಿಜಿಪಿನ್ ಎಂಬ ಹತ್ತು ಅಕ್ಷರ ಅಂಕಿಗಳ ಸಂಕೇತವನ್ನು ತಂದಿದ್ದಾರೆ. ಇಡೀ ದೇಶವನ್ನು ಸುಮಾರು ನಾಲ್ಕು ಮೀಟರು ಉದ್ದ, ನಾಲ್ಕು ಮೀಟರು ಅಗಲದ ಚೌಕಗಳಾಗಿ ವಿಂಗಡಿಸಿ ಒಂದೊಂದಕ್ಕೂ ಸಂಕೇತ ಕೊಡುವ ಏರ್ಪಾಡು ಅದು. ಒಳ್ಳೆಯದೇ, ಬರೆದಿಟ್ಟುಕೊಳ್ಳಿ. ಆದರೆ ಮಗ ಊರಲ್ಲಿಲ್ಲದ ರಾತ್ರಿ, ಚಾರ್ಜು ಮುಗಿದ ಫೋನು ಹಿಡಿದ ತಾಯಿ, ಆ ಹತ್ತು ಅಕ್ಷರಗಳನ್ನು ಎಲ್ಲಿಂದ ತರಬೇಕು? ಪಕ್ಕದ ಮನೆಯವರ ಫೋನಿನಿಂದ "ಅಗಸಿಯಿಂದ ಎರಡನೇ ಓಣಿ, ಬಲಗಡೆ, 14 ನಂಬರು" ಎಂದು ಹೇಳುವುದು ಅವಳಿಗೆ ಸಾಧ್ಯ. ಗೋಡೆಯ ಮೇಲಿನ ನಂಬರಿಗೆ ಚಾರ್ಜು ಬೇಕಿಲ್ಲ.

ಆದ್ದರಿಂದ ಬಾಂಧವರೇ, ಮುಂದಿನ ಗ್ರಾಮಸಭೆಗೆ ಹೋದಾಗ ನಾಲಿ ನೀರಿನ ಮಾತಿನ ಜೊತೆಗೆ ಇದನ್ನೂ ಎತ್ತಿ. ಎಣಿಕೆ ಅಗಸಿಯಿಂದಲೋ ಚಾವಡಿಯಿಂದಲೋ, ಒಂದು ಜಾಗದಿಂದ ಶುರುವಾಗಲಿ. ಎಡಕ್ಕೆ ಬೆಸ, ಬಲಕ್ಕೆ ಸಮ ಇರಲಿ. ಖಾಲಿ ಜಾಗಗಳಿಗೆ ನಂಬರು ಬಿಟ್ಟು ಮುಂದೆ ಸಾಗಲಿ, ನಾಳೆ ಕಟ್ಟುವವನಿಗೆ ಬೇಕಾಗುತ್ತದೆ. ಓಣಿಯ ಎರಡೂ ತುದಿಗೆ ಹೆಸರಿನ ಫಲಕ ಇರಲಿ. ಆ ಹೆಸರು ರಾಜ್ಯದ ಭಾಷೆಯಲ್ಲೂ ಇರಲಿ, ನಮ್ಮ ಕನ್ನಡದಲ್ಲೂ ಇರಲಿ. ಅಂಕಿ ಮಾತ್ರ ಎಲ್ಲರೂ ಓದುವ ಒಂದೇ ಬಗೆಯದಿರಲಿ, ಗೇಣುದ್ದ ದೊಡ್ಡದಿರಲಿ, ರಾತ್ರಿ ಬ್ಯಾಟರಿ ಬೆಳಕಿಗೂ ಕಾಣುವಂತಿರಲಿ. ಹೆಸರನ್ನು ಹೇಗೆ ಬರೆಯಬೇಕು ಎಂಬುದನ್ನು ಆ ಓಣಿಯ ಹಿರಿಯರನ್ನು ಕೇಳಿ ಒಮ್ಮೆಗೇ ಗೊತ್ತುಮಾಡಿ, ಎಲ್ಲ ಕಾಗದಗಳಲ್ಲೂ ಅದನ್ನೇ ಬರೆಸಿರಿ.

ಪಂಚಾಯತಿಯವರು ತಡ ಮಾಡಿದರೆ ನೀವು ನಿಮ್ಮ ಓಣಿಯಲ್ಲೇ ಶುರು ಮಾಡಿ. ಓಣಿಯವರೆಲ್ಲ ಕೂಡಿ ಒಪ್ಪಿದ ನಂಬರನ್ನು ಬಾಗಿಲ ಚೌಕಟ್ಟಿನ ಪಕ್ಕ ಬರೆಯಿರಿ. ಮನೆಯ ಮಕ್ಕಳಿಗೆ, ಮುದುಕರಿಗೆ ಅದನ್ನು ಬಾಯಿಪಾಠ ಮಾಡಿಸಿ. ನಿಮ್ಮ ಬಾಗಿಲಿಗೆ ನಾಳೆ ಯಾರು ಬರುತ್ತಾರೋ ಯಾರಿಗೆ ಗೊತ್ತು? ಮಗಳ ಪತ್ರ ತರುವವನೇ ಇರಬಹುದು, ಜೀವ ಉಳಿಸಲು ಬರುವವನೇ ಇರಬಹುದು. ಅವನು ನಮ್ಮ ಮಾತು ಬಲ್ಲವನಿರಲಿ, ಬಾರದವನಿರಲಿ, ದಾರಿ ತಪ್ಪದೆ ಬರಲಿ.